ಕಲ್ಲಿನಾಚೆ ಹೋದ ಮೈದುನನ ಹಡಗು

ಕಣ್ಣೆದುರಿಗಿರುವ ಯಾವುದನ್ನಾದರೂ ನಾನು ಸಂಭಾಳಿಸಬಲ್ಲೆ. ಹಾಲು ಉಕ್ಕಿದರೆ ಪಾತ್ರೆ ಇಳಿಸುತ್ತೇನೆ, ನಾಯಿ ಒಳಗೆ ಬಂದರೆ ಹಚಾ ಅನ್ನುತ್ತೇನೆ, ಮೇಲಧಿಕಾರಿ ಒಳಗೆ ಬಂದರೆ ಎದ್ದು ನಿಲ್ಲುತ್ತೇನೆ. ನನ್ನ ಬುದ್ಧಿ ಕೈಕೊಡುವುದು ಕಣ್ಣಿಗೆ ಕಾಣದ್ದರ ವಿಷಯದಲ್ಲಿ. ದೇವರ ವಿನೋದ ನೋಡಿ, ನನಗೆ ಸಿಕ್ಕ ನೌಕರಿಯೇ ಕಾಣದ್ದರ ಬಗ್ಗೆ ಜವಾಬು ಹೇಳುವುದು. ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಕಿಟಕಿಯೊಳಗೆ ತಲೆ ತೂರಿಸಿ ಜನ ಕೇಳುತ್ತಾರೆ: "ಸಾಹೇಬ್ರ, ನಾರಾಯಣಖೇಡ್ ಗಾಡಿ ಎಲ್ಲಿ ಅದರಿ?" ನಾನು ತಲೆ ಎತ್ತದೆ ಹೇಳುತ್ತೇನೆ: "ಬರಾಕತ್ತದ." ಇದು ಸುಳ್ಳಲ್ಲ, ಏಕೆಂದರೆ ಆ ಗಾಡಿ ಎಂದಾದರೊಂದು ದಿನ ಬಂದೇ ಬರುತ್ತದೆ. ನಿಜವೂ ಅಲ್ಲ, ಏಕೆಂದರೆ ಅದು ಎಲ್ಲಿದೆಯೋ ನನಗೇ ಗೊತ್ತಿಲ್ಲ. ಈ ಒಂದು ಮಾತಿನ ಮೇಲೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೇನೆ. ಈಗ ಆ ಸಂಸಾರದಲ್ಲೇ ಎಡವಟ್ಟಾಗಿದೆ. ಇದನ್ನು ಬರೆಯಲು ಕುಳಿತ ಮೇಲೆ ಮೂರು ಸಲ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಕೆಮ್ಮಿ, ವಾಪಸು ಬಂದಿದ್ದೇನೆ. ಒಳಗಿನಿಂದ ಒಂದು ಬೈಗುಳವೂ ಬಂದಿಲ್ಲ.

ಆದದ್ದು ಇಷ್ಟು. ನಾನು ಎರಡು ವರ್ಷದಿಂದ ಅಂತರಿಕ್ಷದಲ್ಲಿ ದರೋಡೆ ಮಾಡಿಸುತ್ತಿದ್ದೇನೆ. ಗಾಬರಿಯಾಗಬೇಡಿ, ಅದು ಆಟ. ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಒಂದು ರದ್ದಿ ಕಟ್ಟು ಬಿಟ್ಟುಹೋದರು. ಅದರೊಳಗೆ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ. ಮೇಜಿನ ಸುತ್ತ ಕುಳಿತು ಆಡುವ ಆಟವಂತೆ. ಆಡುವವರಿಗೆಲ್ಲ ಒಂದೊಂದು ಹಡಗು. ಗ್ರಹಗಳ ನಡುವೆ ಓಡಾಡಿಕೊಂಡು ವ್ಯಾಪಾರದ ಹಡಗುಗಳನ್ನು ದೋಚಬೇಕು, ಪೊಲೀಸು ಹಡಗು ಬಂದರೆ ತಪ್ಪಿಸಿಕೊಳ್ಳಬೇಕು. ಒಬ್ಬ ಮಾತ್ರ ಹಡಗಿಲ್ಲದವನು. ಅವನು ಆಟ ನಡೆಸುವವನು. ವ್ಯಾಪಾರಿಯೂ ಅವನೇ, ಪೊಲೀಸನೂ ಅವನೇ, ಧೂಮಕೇತುವೂ ಅವನೇ. ಮನೆಯಲ್ಲಿ ಒಂದು ಸೊಳ್ಳೆ ಪರದೆ ಎಲ್ಲಿ ಕಟ್ಟಬೇಕೆಂಬುದನ್ನೂ ನಿರ್ಧರಿಸುವ ಅಧಿಕಾರವಿಲ್ಲದ ನನಗೆ ಇಡೀ ಸೌರಮಂಡಲ ಸಿಕ್ಕರೆ ಬಿಡುತ್ತೇನೆಯೆ? ನಿಘಂಟು ಹಿಡಿದು ಎರಡು ತಿಂಗಳು ಓದಿದೆ.

ನಮ್ಮಲ್ಲಿ ಮೇಜಿರಲಿಲ್ಲ. ನೆಲಕ್ಕೆ ಹಾಸಿ ಮಿಕ್ಕಿದ್ದ ತಾಂಡೂರು ಕಲ್ಲಿನ ಚಪ್ಪಡಿಯೊಂದನ್ನು ಪಡಸಾಲೆಯಲ್ಲಿ ನಾಲ್ಕು ಇಟ್ಟಿಗೆಯ ಮೇಲೆ ಮಲಗಿಸಿ, ಅದರ ಮೇಲೆ ಸೀಮೆಸುಣ್ಣದಿಂದ ಗ್ರಹಗಳನ್ನು ಬರೆದೆ. ದಾಳದ ಬದಲು ಕವಡೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆಟ. ಆಡುವವರು ಮೂವರು. ತಾಂಡೂರು ಬಸ್ಸಿನ ಕಂಡಕ್ಟರ್ ನರ್ಸಿಮ್ಲು, ಅವನ ಹಡಗು ಒಂದು ಅಂಗಿಯ ಗುಂಡಿ. ನಮ್ಮ ಮನೆಯಲ್ಲೇ ಇದ್ದ ನನ್ನ ಹೆಂಡತಿಯ ತಮ್ಮ ಶಿವರಾಜ, ಅವನದು ಸೋಡಾ ಬಾಟಲಿಯ ಬಿಲ್ಲೆ. ಮೂರನೆಯವಳು ನನ್ನ ಹೆಂಡತಿ ಮಹಾದೇವಿ, ಅವಳದು ಒಂದು ಕಡೆ ತೇಯ್ದ ಹುಣಸೆಬೀಜ. ಮೊದಮೊದಲು "ನಿಮ್ಮ ಚುಕ್ಕಿ ಡಕಾಯಿತಿ ನಡೀಲಿ, ನನಗ ಕೆಲಸ ಅದ" ಎಂದು ಹಂಗಿಸುತ್ತಿದ್ದವಳು, ಮೂರನೆಯ ಭಾನುವಾರ ನರ್ಸಿಮ್ಲುವಿಗೆ ಕವಡೆ ಎಸೆಯಲು ಬರುವುದಿಲ್ಲವೆಂದು ಸಿಟ್ಟಾಗಿ ತಾನೇ ಕುಳಿತಳು. ಆಮೇಲೆ ನೋಡಿ! ಬೇಳೆಯಲ್ಲಿ ಒಂದು ಕಲ್ಲು ಬಿಡದೆ ಆರಿಸುವ ಆ ಕೈ ಮಂಗಳ ಮತ್ತು ಗುರುವಿನ ನಡುವೆ ಒಂದು ಹಡಗನ್ನೂ ಬಿಡಲಿಲ್ಲ. "ಬಡವ್ರ ಹಡಗು ಇದು, ಬಿಟ್ಟುಬಿಡು" ಎಂದು ನಾನು ಅಂಗಲಾಚಿದರೆ, "ಬಡವ್ರು ಆಕಾಶಕ್ಕ ಯಾಕ ಹೋಗ್ತಾರ್ರಿ?" ಎಂದು ದೋಚಿದಳು. ತಮ್ಮ ಯಾವಾಗಲೂ ಅಕ್ಕನ ಬಲಗಡೆಗೆ ತನ್ನ ಬಿಲ್ಲೆ ಇಟ್ಟುಕೊಂಡು, "ಏ ಹುಚ್ಚಿ, ಆ ಕಡಿ ಹೋಗಬ್ಯಾಡ, ಸಾಯ್ತಿ" ಎಂದು ಬೈಯುತ್ತ ಕಾವಲು ಕಾಯುತ್ತಿದ್ದ. ಅವಳು, "ಬಾಯಿ ಮುಚ್ಚೋ ಕತ್ತಿ, ನನಗ ಕಲಸ್ತಿ?" ಎಂದು ಅವನನ್ನು ಕತ್ತೆ ಮಾಡಿ ಅಲ್ಲಿಗೇ ಹೋಗುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಇವಳೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು. ಅವರಿಬ್ಬರ ಬಾಯಲ್ಲಿ ಒಂದು ನೆಟ್ಟಗಿನ ಮಾತು ನಾನು ಕೇಳಿದ್ದಿಲ್ಲ.

ಈ ಬೇಸಿಗೆಯಲ್ಲಿ ಅದಕ್ಕೆ ಕಲ್ಲು ಬಿತ್ತು. ಬೊಮ್ರಾಸಪೇಟೆಯ ಕಡೆಯ ಒಂದು ಹುಡುಗಿಯನ್ನು ಇವಳು ತಮ್ಮನಿಗೆ ಗೊತ್ತುಮಾಡಿ, ಅವನನ್ನು ಒಂದು ಮಾತೂ ಕೇಳದೆ ಅವರಿಗೆ ಹ್ಞೂಂ ಅಂದುಬಿಟ್ಟಿದ್ದಳು. ನೋಡಲು ಹೋಗುವ ದಿನ ಹುಡುಗ ಮನೆಯಲ್ಲೇ ಇರಲಿಲ್ಲ. ಸಂಜೆ ಬಂದವನಿಗೂ ಇವಳಿಗೂ ಮಾತಿಗೆ ಮಾತು ಬೆಳೆಯಿತು. "ನೀ ನನ್ನ ತಾಯಿ ಅಲ್ಲ" ಅಂದ ಅವನು. ಮರುದಿನ ಬೆಳಗಿನ ಬಸ್ಸಿಗೆ ತಾಂಡೂರಿಗೆ ಹೋದವನು ಅಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ನಿಂತ. ಇವಳು ಅವನ ಹೆಸರು ಎತ್ತುವುದನ್ನೇ ಬಿಟ್ಟಳು. ಎತ್ತಲೇಬೇಕಾದರೆ "ಆ ತಾಂಡೂರಿನವ" ಅನ್ನುತ್ತಿದ್ದಳು.

ಅವನು ಹೋದ, ಅವನ ಸೋಡಾ ಬಿಲ್ಲೆ ಕಲ್ಲಿನ ಮೇಲೇ ಉಳಿಯಿತು. ನನ್ನ ಅಸಲಿ ಕಷ್ಟ ಶುರುವಾದದ್ದು ಇಲ್ಲಿ. ಆಡುವವನಿಲ್ಲದ ಹಡಗನ್ನು ಏನು ಮಾಡುವುದು? ಬಿಲ್ಲೆ ತೆಗೆದು ಗೂಡಿನಲ್ಲಿಟ್ಟು, "ಈ ಹಡಗು ಈಗ ಕಲ್ಲಿನ ಆಚೆ, ಶನಿಗ್ರಹದ ಹಿಂದೆಲ್ಲೋ ಅದ. ನಮ್ಮ ಕಡಿದೇ, ಆದರ ಕಾಣಂಗಿಲ್ಲ" ಎಂದು ಸಾರಿದೆ. ಕಾಣದ ಮಿತ್ರರನ್ನು ಹೇಗೆ ನಡೆಸಬೇಕೆಂದು ಪುಸ್ತಕದಲ್ಲಿ ನೋಡೋಣವೆಂದರೆ, ಸರಿಯಾಗಿ ಆ ಪುಟಗಳನ್ನೇ ಎಂಜಿನಿಯರರು ಹರಿದು ಯಾವುದಕ್ಕೋ ಉಪಯೋಗಿಸಿದ್ದರು. ನಾನೇ ತಲೆ ಓಡಿಸಬೇಕಾಯಿತು. ಕರೆದಾಗಲೆಲ್ಲ ಮಿತ್ರಹಡಗು ಬಂದು ಕಾಪಾಡಿದರೆ ಆಟಕ್ಕೆ ಉಪ್ಪಿಲ್ಲ, ಖಾರವಿಲ್ಲ. ಬರದೇ ಹೋದರೆ ನಡೆಸುವವನು ಮೋಸಗಾರ. ಮದುವೆಗೆ ಬರುತ್ತೇನೆಂದ ನೆಂಟರ ಹಾಗೆ ಎಲ್ಲ ಮುಗಿದ ಮೇಲೆ ಬಂದು "ಊಟ ಅದೇನು?" ಎಂದು ಕೇಳಿದರೆ ಅದು ಸಹಜವೇನೋ ಹೌದು, ಆದರೆ ನರ್ಸಿಮ್ಲು ಒಪ್ಪಲಿಲ್ಲ. ಕೊನೆಗೆ ನಮ್ಮ ಬಸ್ಸಿನ ಪದ್ಧತಿಯನ್ನೇ ತಂದೆ. ಹೋದ ಗಾಡಿ ಎಲ್ಲಿದೆ ಎಂದು ನಮಗೆ ತಿಳಿಯುವುದು ಎದುರಿನಿಂದ ಬಂದ ಗಾಡಿಯ ಡ್ರೈವರನಿಂದ, "ಎಲ್ಲಿ ಕ್ರಾಸ್ ಆದ?" ಎಂದು ಕೇಳುತ್ತೇವೆ. ಹಾಗೆಯೇ, ಎದುರಿನಿಂದ ಬರುವ ಹಡಗಿನವರನ್ನು ಕೇಳಿದರೆ ಮಾತ್ರ ಮಿತ್ರಹಡಗಿನ ಸುದ್ದಿ ಎಂದು ನಿಯಮ ಮಾಡಿದೆ. ಎಂಥ ಸೊಗಸಾದ ನಿಯಮ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆದರೆ ಇವರು ದರೋಡೆಕೋರರು. ಎದುರಿಗೆ ಬಂದದ್ದನ್ನು ಮೊದಲು ದೋಚಿ, ಆಮೇಲೆ "ನಮ್ಮವ್ರು ಎಲ್ಲಿ ಕ್ರಾಸ್ ಆದ್ರು?" ಎಂದು ಕೇಳಿದರೆ ಯಾವ ಹಡಗಿನವನು ನಿಜ ಹೇಳುತ್ತಾನೆ? ಸುದ್ದಿ ಬೇಕೆಂದರೆ ಒಂದು ಹಡಗನ್ನಾದರೂ ದೋಚದೆ ಬಿಡಬೇಕು. ಮಹಾದೇವಿ ಬಿಡುವ ಪೈಕಿಯಲ್ಲ. ಹೀಗಾಗಿ ಎರಡು ತಿಂಗಳು ಶಿವರಾಜನ ಹಡಗಿನ ಸುದ್ದಿಯೇ ಇಲ್ಲ.

ಒಂದು ಭಾನುವಾರ ಅವಳ ಹುಣಸೆಬೀಜವನ್ನು ನನ್ನ ನಾಲ್ಕು ಪೊಲೀಸು ಹಡಗುಗಳು ಸುತ್ತುಗಟ್ಟಿದವು. ಅದೇ ಹೊತ್ತಿಗೆ ಒಂದು ಬಡಕಲು ವ್ಯಾಪಾರದ ಹಡಗು ಅವಳ ಕೈಗೆ ಸಿಕ್ಕಿತು. ಎಸೆಯಲು ಎತ್ತಿದ ಕವಡೆಯನ್ನು ಕಲ್ಲಿನ ಅಂಚಿಗೆ ಇಟ್ಟಳು. ಆಮೇಲೆ ಕಲ್ಲಿನಿಂದ ಕಣ್ಣೆತ್ತದೆ, "ಇವ್ರಿಗಿ ಬಿಟ್ಟೆ, ಹೋಗ್ಲಿ. ಕೇಳ್ರಿ ಅವ್ರಿಗಿ, ಅವನ ಹಡಗ ಎಲ್ಲಿ ಅದ ಅಂತ" ಅಂದಳು. ನರ್ಸಿಮ್ಲು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಎರಡು ತಿಂಗಳಲ್ಲಿ ಮೊದಲ ಸಲ ಅವಳು ತಮ್ಮನನ್ನು ವಿಚಾರಿಸಿದ್ದಳು, ಅದೂ ಒಂದು ಹಡಗಿನ ಲೂಟಿ ಬಿಟ್ಟುಕೊಟ್ಟು. ಸುದ್ದಿ ಮುಂದಿನ ವಾರ ಎಂದು ಹೇಳಿ ಅಂದಿನ ಆಟ ನಿಲ್ಲಿಸಿದೆ. ನಾಗರ ಪಂಚಮಿಗೆ ಇನ್ನು ಹದಿನೈದು ದಿನವಿತ್ತು. ಪ್ರತಿವರ್ಷ ಪಂಚಮಿಗೆ ಶಿವರಾಜನೇ ಅಕ್ಕನನ್ನು ಮೊಗುಡಂಪಲ್ಲಿಯ ತವರಿಗೆ ಕರೆದುಕೊಂಡು ಹೋಗುತ್ತಿದ್ದ. ಕರೆಯಲು ತಮ್ಮ ಬಾರದೆ ತವರಿಗೆ ಹೋಗುವ ಹೆಣ್ಣಲ್ಲ ಇವಳು. ಈ ಸಲ ಬರದೇ ಹೋದರೆ ಮುಂದೆ ಬರುವುದೂ ನಿಂತುಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರವೇ ನರ್ಸಿಮ್ಲುವಿನ ಕೈಯಲ್ಲಿ ಶಿವರಾಜನಿಗೆ ಚೀಟಿ ಕಳಿಸಿದೆ: ನಿನ್ನ ಅಕ್ಕನ ಹಡಗು ಸಂಕಟದಲ್ಲಿದೆ, ನಿನ್ನ ಹಡಗು ಏನು ಮಾಡುತ್ತದೆ, ಹೇಳು. ಸಂಜೆ ನರ್ಸಿಮ್ಲು ಟಿಕೆಟ್ ಚೀಲ ಇಳಿಸುತ್ತ ಹೇಳಿದ: "ಚೀಟಿ ಓದಿ ಜೇಬಿನಾಗ ಇಟ್ಕೊಂಡ ಸಾರ್. ನೋಡೋಣು ಅಂದ. ಅಷ್ಟೇ." ಮಂಗಳವಾರ ಕೇಳಿದೆ, ಬುಧವಾರ ಕೇಳಿದೆ, ಗಾಡಿ ನಿಲ್ಲುವ ಮೊದಲೇ ಕಿಟಕಿಗೆ ಓಡಿ ಕೇಳಿದೆ. ಏನೂ ಇಲ್ಲ. ಮನೆಯಲ್ಲಿ ಇವಳು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ನಾನು ಚಪ್ಪಲಿ ಬಿಡುವಾಗ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಲ್ಲುತ್ತದೆ. ಶನಿವಾರದ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ. ಹದಿನಾಲ್ಕು ವರ್ಷದ ಚಟ, "ಬರಾಕತ್ತದ" ಅಂದುಬಿಡುವ ಚಟ, ಕೈಯೊಳಗೆ ಇಳಿಯಿತು. ಎಡಗೈಯಲ್ಲಿ ಪೆನ್ನು ಹಿಡಿದು ಶಿವರಾಜನ ಹೆಸರಿನಲ್ಲಿ ನಾನೇ ಒಂದು ಚೀಟಿ ಬರೆದೆ. ಅವನ ಕೈಗೆ ಕಲ್ಲಿನ ಕೆಸರಾಗಿತ್ತು, ಹೇಳಿದ್ದನ್ನು ಬೇರೆ ಯಾರೋ ಬರೆದುಕೊಟ್ಟರಂತೆ ಎಂದು ಕಥೆಯನ್ನೂ ಕಟ್ಟಿದೆ.

ಅಕ್ಕನ ಮನಸ್ಸು ಕರಗಬೇಕಲ್ಲ, ಆದ್ದರಿಂದ ನನಗೆ ಬರುವ ಕನ್ನಡವನ್ನೆಲ್ಲ ಸುರಿದಿದ್ದೆ. "ಪೂಜ್ಯ ಸಹೋದರಿಯವರ ಪಾದಾರವಿಂದಗಳಿಗೆ ಶಿವರಾಜನ ಸಾಷ್ಟಾಂಗ ನಮಸ್ಕಾರಗಳು. ತಾವು ಸಂಕಟದಲ್ಲಿರುವ ವಿಷಯ ತಿಳಿದು ಬಹಳ ಖೇದವಾಯಿತು. ನನ್ನ ಹಡಗು ಶನಿಗ್ರಹದ ಹಿಂಬದಿಯಿಂದ ತಮ್ಮ ಸೇವೆಗೆ ಹೊರಟಿದೆ. ತಾವು ಚಿಂತಿಸಬಾರದಾಗಿ ವಿನಂತಿ." ಮಹಾದೇವಿ ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಮುಖ ಸಣ್ಣದಾಯಿತು. ಕಲ್ಲಿನ ಹತ್ತಿರ ಹೋಗಿ, ಹುಣಸೆಬೀಜವನ್ನು ಎತ್ತಿ ಪೊಲೀಸರ ಮಧ್ಯಕ್ಕೇ ಇಟ್ಟು, "ಯಾರ ಸಹಾಯನೂ ಬ್ಯಾಡ ನನಗ" ಎಂದು ಒಳಗೆ ಹೋದಳು. ನಾನೆಂಥ ಮಂಕ ನೋಡಿ, ಬೆಲ್ಲ ಕಡಿಮೆಯಾಯಿತೇನೋ ಅಂದುಕೊಂಡೆ. ಬುಧವಾರ ಎರಡನೆಯ ಚೀಟಿ ಬರೆದೆ. ಅದರಲ್ಲಿ "ಮಾತೃಸ್ವರೂಪಿಣಿ" ಎಂಬ ಮಾತೂ ಇತ್ತು, "ತಮ್ಮ ಕೃಪಾಕಟಾಕ್ಷ" ಎಂಬುದೂ ಇತ್ತು.

ಅದನ್ನು ಓದಿ ಅವಳು ಅಳತೊಡಗಿದಳು. ತವೆಯ ಮೇಲೆ ರೊಟ್ಟಿ ಸೀದು ಹೊಗೆ ಬಂದರೂ ಅವಳಿಗೆ ಎಚ್ಚರವಿಲ್ಲ. "ಯಾಕ ಅಳ್ತಿ? ಎಷ್ಟು ಪ್ರೀತಿಲೆ ಬರ್ದಾನ!" ಅಂದೆ. "ಪ್ರೀತಿ ಅಂತ ಪ್ರೀತಿ! ಇದು ಪ್ರೀತಿಯೇನ್ರಿ?" ಎಂದು ಚೀಟಿಯನ್ನು ನನ್ನ ಮುಖಕ್ಕೆ ಹಿಡಿದಳು. "ನಾವು ಅಕ್ಕ ತಮ್ಮ ಯಾವತ್ತರ ಹಿಂಗ ಮಾತಾಡೀವೇನು? ನಮ್ಮ ಮನ್ಯಾಗ ಕರುಳು ಹರಕೊಂಡೋರಿಗಿ ಹಿಂಗ ಮರ್ಯಾದಿ ಕೊಡ್ತಾರ್ರಿ. ನಮ್ಮ ದೊಡ್ಡಪ್ಪಗ ಮತ್ತ ನಮ್ಮಪ್ಪಗ ಎರಡು ಮನಿ ನಡುವಿನ ಗ್ವಾಡಿ ಸಲುವಾಗಿ ಜಗಳಾಗಿತ್ತಲ್ಲ, ಆವತ್ತಿನಿಂದ ಸಾಯೋತನಕ ಒಬ್ಬರಿಗೊಬ್ಬರು 'ತಾವು ಬರಬೇಕು, ತಾವು ಕೂಡಬೇಕು' ಅಂದ್ರು. ಒಂದು ಸಲ ಬೈಲಿಲ್ಲ. ಇವನೂ ಹಂಗೇ ಮಾಡ್ಯಾನ. ನನಗ ಬೈದು ಬರ್ದಿದ್ರ ಸಾಕಾಗಿತ್ತು. ಪೂಜ್ಯ ಅಂತ! ನಾ ಸತ್ತಂಗೇ ಅಂತ ತಿಳಕೊಂಡಾನ. ಈ ವರ್ಷ ಪಂಚಮಿಗಿ ನಾ ಎಲ್ಲೂ ಹೋಗಂಗಿಲ್ಲ, ಯಾರೂ ಕರಿಯಾಕ ಬರೋದೂ ಬ್ಯಾಡ."

ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ನಾನು ಕನ್ನಡ ಸಾಲೆಯಲ್ಲಿ ಕಲಿತ ಒಳ್ಳೆಯ ಮಾತೆಲ್ಲ ಸೇರಿ ಒಂದು ಸಂಬಂಧವನ್ನೇ ಕಡಿಯುತ್ತಿತ್ತು. ನಿಜ ಹೇಳಿಬಿಡಬಹುದಿತ್ತು, ಆದರೆ ಗಂಡಸಿನ ಧೈರ್ಯ ಪೊಲೀಸು ಹಡಗು ನಡೆಸುವುದಕ್ಕೆ ಬರುತ್ತದೆ, ಅಡುಗೆಮನೆಯ ಬಾಗಿಲು ದಾಟುವುದಕ್ಕೆ ಬರುವುದಿಲ್ಲ. ಮೂರನೆಯ ಚೀಟಿಯಲ್ಲಿ ಚೆನ್ನಾಗಿ ಬೈದುಬಿಡೋಣ ಎಂದು ನಿಲ್ದಾಣದಲ್ಲಿ ಕುಳಿತು ಪ್ರಯತ್ನಿಸಿದೆ. ದಿನಾ ನೂರು ಜನರಿಂದ ಬೈಸಿಕೊಳ್ಳುವವನು ನಾನು, ಆದರೂ ಒಂದು ಬೈಗುಳ ಕೈಗೆ ಹತ್ತಲಿಲ್ಲ. ಬರೆದು ಬರೆದು ಕೊನೆಗೆ ಕಾಗದದ ಮೇಲೆ ಬಂದದ್ದು "ದಯವಿಟ್ಟು ಹಾಳಾಗಿ ಹೋಗು" ಎಂದು. ಅದನ್ನು ನೋಡಿದ ನರ್ಸಿಮ್ಲು ಹಣೆ ಚಚ್ಚಿಕೊಂಡ. "ಸಾರ್, ನಿಮ್ಮ ಕೈಲಿ ಆಗಂಗಿಲ್ಲ. ನಾಳೆ ನಿಮಗ ರಜಾ ಅದ. ಗಾಡಿ ಹತ್ರಿ, ಹೋಗಿ ಆ ಮನಷ್ಯಾಗ ಖರೆ ಹೇಳ್ರಿ."

ತಾಂಡೂರಿನ ಕಾರ್ಖಾನೆಯಲ್ಲಿ ಶಿವರಾಜ ತಲೆಯಿಂದ ಕಾಲಿನವರೆಗೆ ಕಲ್ಲಿನ ಪುಡಿಯಾಗಿದ್ದ. ಕಣ್ಣು ಮಾತ್ರ ಅವನವು. ಯಂತ್ರದ ಸದ್ದಿನಲ್ಲಿ ಕೂಗಿ ಕೂಗಿ ತಪ್ಪೊಪ್ಪಿಕೊಂಡೆ. ಅರ್ಧ ಕಾರ್ಖಾನೆ ಕೇಳಿಸಿಕೊಂಡಿತು. ಹೆಂಡತಿ ಕಾಣದ ಹಾಗೆ ತಂದಿದ್ದ ಎರಡೂ ಚೀಟಿ ಕೊಟ್ಟೆ. ಓದಿದವನೇ ಕಿಡಿಕಿಡಿಯಾದ. "ಭಾವಾ, ಶನಿ ಹಿಂದಿನಿಂದ ಯಾಕ ತಂದ್ರಿ ನನ್ನ ಹಡಗ? ಅಲ್ಲಿ ಉಂಗುರದ ಕಲ್ಲು ಬಡ್ದು ಚೂರಾಗ್ತದ! ಒಂದು ಹಡಗ ನೋಡ್ಕೊಳ್ಳಾಕ ಬರಂಗಿಲ್ಲೇನ್ರಿ ನಿಮಗ?" ನಾನು ತಲೆ ತಗ್ಗಿಸಿದೆ. ಅವನು ಚೀಟಿಗಳನ್ನು ಮಡಚುತ್ತ ದನಿ ಇಳಿಸಿ ಕೇಳಿದ: "ಅಕ್ಕ ಇದು ಓದಿದಳಾ? ಏನಂದಳು?" "ಅತ್ತಳು" ಅಂದೆ. "ಪೂಜ್ಯ ಅಂತ ನಾನೇ ಬರ್ದೀನಂತ ನಂಬಿದಳಾ?" "ನಂಬಿದಳು." ಅವನು ಅಲ್ಲೇ ಇದ್ದ ಕಲ್ಲಿನ ರಾಶಿಯ ಮೇಲೆ ಕುಸಿದು ಕುಳಿತ. "ನಾ ಅಷ್ಟು ದೂರ ಹೋಗೀನಿ ಅಂದ್ಕೊಂಡಳಾ" ಎಂದು ತನಗೆ ತಾನೇ ಅಂದುಕೊಂಡ. ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡಾಗ ಪುಡಿಯೆಲ್ಲ ಕೆಸರಾಯಿತು. ಆಮೇಲೆ ನನ್ನ ಜೇಬಿನ ಪೆನ್ನನ್ನೇ ಕಿತ್ತುಕೊಂಡು, ಆ ಎರಡನೆಯ ಚೀಟಿಯ ಬೆನ್ನಿಗೆ ಏನೋ ಗೀಚಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟ.

ದಾರಿಯುದ್ದಕ್ಕೂ ಆ ಚೀಟಿ ನನ್ನ ಎದೆಯ ಮೇಲಿನ ಜೇಬಿನಲ್ಲಿತ್ತು. ಬಿಚ್ಚಿ ನೋಡಲಿಲ್ಲ. ಬೇರೆಯವರ ಚೀಟಿ ಓದಬಾರದು ಎಂಬ ಸದ್ಬುದ್ಧಿ, ಬೇರೆಯವರ ಚೀಟಿಗಳನ್ನೇ ಬರೆದು ಮುಗಿಸಿದ ಮೇಲೆ, ಅದೇ ದಿನ ನನಗೆ ಬರಬೇಕೆ! ಮನೆಗೆ ಬಂದು ದೊಡ್ಡಸ್ತಿಕೆಯಿಂದ ಹೆಂಡತಿಯ ಕೈಗೆ ಕೊಟ್ಟೆ. ಅವಳು ಬಿಚ್ಚಿ, ಗಟ್ಟಿಯಾಗಿ ಓದಿದಳು: "ಏ ಹುಚ್ಚಿ, ಪೂಜ್ಯ ಅಂತ ನಾ ಬರೀತೀನೇನೇ ನಿನಗ? ಅಕ್ಷರ ನೋಡಾಕ ಬರಂಗಿಲ್ಲೇನು? ಅದು ನಿನ್ನ ಗಂಡನ ಎಡಗೈ ಕೆಲಸ. ನಿನ್ನ ಹಡಗ ಮುಳುಗ್ಲಿ, ಪೊಲೀಸರು ಒದೀಲಿ ನಿನಗ. ಆವತ್ತು ಅಂದಿದ್ದು ಬಾಯಿ ತಪ್ಪಿ ಅಂದೆ. ಪಂಚಮಿಗಿ ಕರಿಯಾಕ ಬರಾಕತ್ತೀನಿ. ಸಜ್ಜಿ ರೊಟ್ಟಿ ಮಾಡಿಡು, ಮೊದಲಿನಂಗ ಸುಡಬ್ಯಾಡ." ಓದುತ್ತ ಓದುತ್ತ ಅವಳು ಬಿದ್ದು ಬಿದ್ದು ನಕ್ಕಳು, ಕಣ್ಣಲ್ಲಿ ನೀರು ಧಾರಾಕಾರ. "ಈಗ ನೋಡ್ರಿ, ಇವ ನನ್ನ ತಮ್ಮ!" ಎಂದು ಚೀಟಿಯನ್ನು ದೇವರ ಗೂಡಿನಲ್ಲಿಟ್ಟಳು. ನಾನೂ ನಕ್ಕೆ. ಅವಳು ನಗುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಚೀಟಿಯ ಮಧ್ಯದ ಸಾಲು ಆಗ ಅವಳ ತಲೆಗೆ ಹೋಗಿತ್ತು.

ಬೈಯುತ್ತಾಳೆಂದು ಕಾದೆ. ಸೆರಗು ಸರಿಮಾಡಿಕೊಂಡು, ಸಾಲೆಯ ಪುಸ್ತಕ ಓದುವಂತೆ ನಿಧಾನವಾಗಿ ಹೇಳಿದಳು: "ತಾವು ದೂರದಿಂದ ದಣಿದು ಬಂದಿದ್ದೀರಿ. ಕೈಕಾಲು ತೊಳೆದುಕೊಂಡು ಊಟಕ್ಕೆ ದಯಮಾಡಿಸಬೇಕು."

ಅವಳ ದೊಡ್ಡಪ್ಪನಿಗೆ ಸಿಕ್ಕ ಮರ್ಯಾದೆ ಈಗ ನನ್ನ ಪಾಲಿಗೂ ಬಂತು.

ಪಂಚಮಿ ಮುಗಿಯಿತು. ಶಿವರಾಜ ಬಂದ, ಅಕ್ಕನನ್ನು ಕರೆದುಕೊಂಡು ಹೋದ, ನಾಲ್ಕು ದಿನಕ್ಕೆ ತಂದುಬಿಟ್ಟ. ಈಗ ಪ್ರತಿ ಭಾನುವಾರ ತಾಂಡೂರಿನಿಂದ ಬಂದು ಕಲ್ಲಿನ ಮುಂದೆ ಕೂರುತ್ತಾನೆ. ಹುಚ್ಚಿ, ಕತ್ತಿ, ಸಾಯಿ, ಹಾಳಾಗು ಎಂದು ಅಕ್ಕ ತಮ್ಮ ಬೀದಿಗೆ ಕೇಳುವಂತೆ ಕೂಗಾಡಿಕೊಂಡು ನನ್ನ ಪೊಲೀಸರನ್ನು ಅಟ್ಟಾಡಿಸುತ್ತಾರೆ. ಬೊಮ್ರಾಸಪೇಟೆಯ ಹುಡುಗಿಯನ್ನು ನೋಡಿ ಬರುತ್ತೇನೆ ಎಂದೂ ಅವನೇ ಬಾಯಿಬಿಟ್ಟು ಹೇಳಿದ್ದಾನೆ. ಕಾಣದ ಹಡಗುಗಳನ್ನೆಲ್ಲ ಇನ್ನು ಮೇಲೆ ಮಹಾದೇವಿಯೇ ನೋಡಿಕೊಳ್ಳಬೇಕು, ನಡೆಸುವವನು ಅವುಗಳ ಗೊಡವೆಗೆ ಹೋಗಬಾರದು ಎಂದು ಮೂವರೂ ಸೇರಿ ತೀರ್ಮಾನ ಮಾಡಿದರು. ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ?

ನನಗೆ ಮಾತ್ರ ಮರ್ಯಾದೆ ಹೆಚ್ಚುತ್ತಲೇ ಇದೆ. ಉಪ್ಪು ಕಡಿಮೆಯಾಗಿದೆ ಅಂದರೆ "ಕ್ಷಮಿಸಬೇಕು" ಅನ್ನುತ್ತಾಳೆ. ಒದ್ದೆ ಟವೆಲನ್ನು ಬೇಕೆಂದೇ ಹಾಸಿಗೆಯ ಮೇಲೆ ಎಸೆದೆ, "ತಮ್ಮ ವಸ್ತ್ರ ಒಣಗಿಸಿದ್ದೇನೆ" ಅಂದಳು. ಬೈಗುಳದ ಆಸೆಗೆ ನಿಲ್ದಾಣದಲ್ಲಿ ಹೆಚ್ಚಿನ ಡ್ಯೂಟಿ ಹಾಕಿಸಿಕೊಳ್ಳುತ್ತೇನೆ, ಆದರೆ ಪರರ ಬೈಗುಳದಿಂದ ಹೊಟ್ಟೆ ತುಂಬುವುದಿಲ್ಲ. ಇವತ್ತು ಬೆಳಗ್ಗೆ ತಾಳಲಾರದೆ ಪಡಸಾಲೆಯಲ್ಲಿ ನಡೆಯುತ್ತ, ಕಾಣದವನಂತೆ ನಟಿಸಿ, ನೀರು ಮೆಟ್ಟಿದ ಕಾಲನ್ನು ನೇರವಾಗಿ ಕಲ್ಲಿನ ಮೇಲಿಟ್ಟು ಶನಿಯ ಉಂಗುರವನ್ನು ಅಳಿಸಿಬಿಟ್ಟೆ. "ಅಯ್ಯ, ಕಣ್ಣು ಕಾಣಂಗಿಲ್ಲೇನು ಕೋ..." ಎಂದು ಒಳಗಿನಿಂದ ಕೂಗು ಬಂತು. ನಾನು ಉಸಿರು ಬಿಗಿಹಿಡಿದು ನಿಂತೆ. ಅವಳು ಸಾವರಿಸಿಕೊಂಡು, "ಏನಿಲ್ಲ. ತಾವು ಜೋಪಾನವಾಗಿ ನಡೆಯಬೇಕು" ಅಂದಳು. ಆದರೆ "ಕೋ" ನನಗೆ ಸ್ಪಷ್ಟವಾಗಿ ಕೇಳಿಸಿದೆ. ಇನ್ನೊಂದೇ ಅಕ್ಷರ ಬಂದಿದ್ದರೆ ನಾನು ಕೋಣನಾಗಿ ಉದ್ಧಾರವಾಗುತ್ತಿದ್ದೆ. ನಾಳೆ ಗುರುಗ್ರಹವನ್ನು ತುಳಿಯಬೇಕೆಂದಿದ್ದೇನೆ.